ಸೆರೆಮನೆಯ ಗೋಡೆಯಾಚೆಯ ದನಿ

"ಗುರುಗಳೇ, ಅರಸನು ಯೋಗ್ಯನಾದ ಇಮಾಮನನ್ನೇ ಕಳಿಸಿದ್ದಾನೆ. ಆದರೂ ಕೇರಿಯವರು ತಾವೇ ಆರಿಸಬೇಕು ಎನ್ನುತ್ತಿದ್ದಾರೆ. ಯೋಗ್ಯತೆ ಇದ್ದ ಮೇಲೆ ಯಾರು ಆರಿಸಿದರೇನು?" ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಬೆಟ್ಟದ ನಾಡೊಂದರಲ್ಲಿ ಮುಸಲ್ಮಾನರದು ಒಂದೇ ಕೇರಿ. ಇಮಾಮ ತೀರಿಕೊಂಡಾಗ ಕೇರಿಯವರು ಸೇರಿ ಯಾಕೂಬ್ ಎಂಬುವನನ್ನು ಆರಿಸಿದರು. ಅಪ್ಪಣೆಯಿಲ್ಲದೆ ಇಮಾಮನೆನಿಸಿಕೊಂಡನೆಂದು ಅರಸ ಅವನನ್ನು ಸೆರೆಗೆ ಹಾಕಿಸಿ, ದೂರದ ಪಟ್ಟಣದಿಂದ ಇದ್ರೀಸ್ ಎಂಬ ವಿದ್ವಾಂಸನನ್ನು ಕರೆಸಿ ನೇಮಿಸಿದ.

ಇದ್ರೀಸ್ ಸಜ್ಜನ. ಕುರಾನ್ ಪೂರ್ತಿ ಅವನಿಗೆ ಬಾಯಿಪಾಠವಿತ್ತು. ಬೀದಿಯಲ್ಲಿ ಎದುರಾದವರು ಅವನಿಗೆ ಸಲಾಮ್ ಹೇಳುತ್ತಿದ್ದರು. ಜ್ವರ ಬಂದಾಗ ಗಂಜಿ ತಂದುಕೊಟ್ಟರು. ಆದರೆ ಅವನು ನಮಾಜಿಗೆ ನಿಂತರೆ ಹಿಂದೆ ಯಾರೂ ಇರುತ್ತಿರಲಿಲ್ಲ.

ಒಂದು ಸಂಜೆ ಅವನು ಜನರನ್ನು ಹುಡುಕಿ ಹೊರಟ. ಕೇರಿಯ ಗಂಡಸರೆಲ್ಲ ಸೆರೆಮನೆಯ ಗೋಡೆಯ ಹೊರಗೆ ಸಾಲಾಗಿ ನಿಂತಿದ್ದರು. ಆಚೆಯಿಂದ ಕುರಾನ್ ಓದುವ ದನಿ ಬರುತ್ತಿತ್ತು. ಯಾಕೂಬನನ್ನು ನೋಡಬೇಕೆಂದು ಇದ್ರೀಸ್ ಕಾವಲುಗಾರನನ್ನು ಕೇಳಿದ. ಕಾವಲುಗಾರ ಒಳಗೆ ಕರೆದೊಯ್ದು ಒಂದು ಕೋಣೆ ತೋರಿಸಿದ. ಬಾಗಿಲು ತೆರೆದಿತ್ತು. ನೆಲದ ಮೇಲೆ ಧೂಳು ಕೂತಿತ್ತು. ಅವನು ಚಳಿಗಾಲದಲ್ಲೇ ಸತ್ತನೆಂದು ಕಾವಲುಗಾರ ಹೇಳಿದ. ಹೇಳುತ್ತಿರುವಾಗಲೂ ಆ ಕೋಣೆಯೊಳಗಿಂದ ಓದು ಕೇಳಿಸುತ್ತಲೇ ಇತ್ತು. ಕಾವಲುಗಾರ ಅತ್ತ ನೋಡಲಿಲ್ಲ.

ಇದ್ರೀಸ್ ಹೊರಬಂದ. ನಮಾಜು ಮುಗಿಸಿ ಏಳುತ್ತಿದ್ದ ಒಬ್ಬ ಮುದುಕನಿಗೆ, ನಿಮ್ಮ ಇಮಾಮ ಬದುಕಿಲ್ಲ ಎಂದು ತಿಳಿಸಿದ.

"ಗೊತ್ತು ಸಾಹೇಬರೇ," ಎಂದ ಮುದುಕ. "ಮಣ್ಣು ಕೊಟ್ಟವರು ನಾವೇ. ಇನ್ನೂ ಬೇರೆಯವರನ್ನು ಆರಿಸಿಲ್ಲ."

ಮರುದಿನ ಇದ್ರೀಸ್ ಅರಸನ ಬಳಿ ಹೋಗಿ ಹುದ್ದೆ ಬೇಡವೆಂದ. ಅರಸ ಮತ್ತೊಬ್ಬನನ್ನು ಕಳಿಸಲಿಲ್ಲ. ಆ ದನಿಯ ಸುದ್ದಿ ಅವನಿಗೂ ಮುಟ್ಟಿತ್ತು. ಅಂದಿನಿಂದ ಇದ್ರೀಸ್ ಗೋಡೆಯ ಹೊರಗೆ ಕೊನೆಯ ಸಾಲಿನಲ್ಲಿ ನಿಂತ. ಆ ದನಿ "ಅಲ್ಲಾಹು ಅಕ್ಬರ್" ಎಂದಾಗ ಎಲ್ಲರೊಂದಿಗೆ ಬಾಗಿದ.

ಮಳೆಗಾಲ ಕಳೆದ ಮೇಲೆ ಕೇರಿಯವರು ಕೂತು ಮಾತಾಡಿಕೊಂಡರು. ಆಮೇಲೆ ಅವನ ಮನೆಗೆ ಬಂದು, ಇನ್ನು ನೀವು ಮುಂದೆ ನಿಲ್ಲಬೇಕು ಎಂದು ಕೇಳಿಕೊಂಡರು. ಅವನಿಗೆ ಅಳು ಬಂತು. ಆ ಸಂಜೆ ಮಸೀದಿ ತುಂಬಿತ್ತು. ಸೆರೆಮನೆಯಲ್ಲಿ ಯಾವ ದನಿಯೂ ಏಳಲಿಲ್ಲ.

ಶಿಷ್ಯ, "ಕೊನೆಗೆ ಅವನೇ ಇಮಾಮನಾದನಲ್ಲ. ಅಂದ ಮೇಲೆ ಅರಸನ ಆಯ್ಕೆ ಸರಿಯಾಗಿಯೇ ಇತ್ತು" ಎಂದ.

"ಸರಿಯಾಗಿಯೇ ಇತ್ತು," ಎಂದರು ಗುರುಗಳು, "ಆದರೂ ಜನ ಸತ್ತವನ ಹಿಂದೆ ನಿಂತಿದ್ದರು."