ರೊಟ್ಟಿ ಕೇಂದ್ರದ ಹದಿನಾರು ನಿಮಿಷ

"ಮಾಸ್ತರರೇ, ಎದೆಬಡಿತ ನಿಂತ ನಾಲ್ಕೈದು ನಿಮಿಷಕ್ಕೆ ಮಿದುಳು ಸಾಯತೊಡಗುತ್ತದೆ ಎಂದು ನೀವೇ ಕಲಿಸಿದಿರಿ. ನಮ್ಮ ಆಂಬುಲೆನ್ಸ್ ಒಂದು ಹಳ್ಳಿಯನ್ನು ಮುಟ್ಟಲು ಹದಿನೈದು ನಿಮಿಷವಾದರೂ ಬೇಕು. ಹಾಗಿದ್ದರೆ ನಾವು ಸಮಯಕ್ಕೆ ಸರಿಯಾಗಿ ತಲುಪುವುದು ಹೇಗೆ?"

ಹೀಗೆ ಕೇಳಿದವಳು ಕಸ್ತೂರಿ. ಅವಳು ತುರ್ತು ಚಿಕಿತ್ಸೆಯ ತರಬೇತಿಗೆ ಸೇರಿ ಎರಡು ತಿಂಗಳಾಗಿತ್ತು. ಗುರುಸಿದ್ಧ ಮಾಸ್ತರರು ಹದಿನೈದು ವರ್ಷ ಆಂಬುಲೆನ್ಸಿನಲ್ಲಿ ದುಡಿದು, ಈಗ ಆ ಕೆಲಸವನ್ನು ಬೇರೆಯವರಿಗೆ ಕಲಿಸುತ್ತಿದ್ದರು. ಅವರು ಅಭ್ಯಾಸದ ಗೊಂಬೆಯನ್ನು ಒರೆಸಿ ಪೆಟ್ಟಿಗೆಯಲ್ಲಿಟ್ಟರು. ಕಿಟಕಿಯ ಬಳಿಯ ಬೆಂಚಿನ ಮೇಲೆ ಕುಳಿತರು. ಉಳಿದ ಶಿಷ್ಯರೂ ಹತ್ತಿರ ಬಂದು ಕುಳಿತರು. ಮಾಸ್ತರರು ಹೇಳತೊಡಗಿದರು.

ಒಂದು ನಾಟಕ ಕಂಪನಿಯಲ್ಲಿ ಒಬ್ಬ ತಬಲಾದವನಿದ್ದ. ಕಂಪನಿ ಮುಚ್ಚಿತು. ಅವನಿಗೆ ಮೂವತ್ತು ದಾಟಿತ್ತು. ಬೇರೆ ಕೆಲಸ ಗೊತ್ತಿರಲಿಲ್ಲ. ಯಾರೋ ಹೇಳಿದರೆಂದು ಅವನು ಆಂಬುಲೆನ್ಸ್ ಕೆಲಸದ ತರಬೇತಿಗೆ ಸೇರಿದ.

ಗೊಂಬೆಯ ಎದೆ ಒತ್ತುವ ಪಾಠ ಬಂದಾಗ ಅವನ ಮುಖ ಅರಳಿತು. ನಿಮಿಷಕ್ಕೆ ನೂರಕ್ಕಿಂತ ಕಡಿಮೆಯಾಗಬಾರದು, ನೂರಿಪ್ಪತ್ತು ಮೀರಬಾರದು ಎಂದು ಕಲಿಸುವವರು ಹೇಳಿದರು. ಉಳಿದವರ ಕೈ ಒಮ್ಮೆ ಓಡಿತು, ಒಮ್ಮೆ ಎಡವಿತು. ತಬಲಾದವನ ಕೈ ಮಾತ್ರ ತಾಳದ ಒಂದು ಮಾತ್ರೆಯಷ್ಟೂ ಆಚೀಚೆ ಆಗಲಿಲ್ಲ. ಅವನಿಗೆ ತನ್ನ ಕೈಯ ಮೇಲೆ ಹೆಮ್ಮೆ ಹುಟ್ಟಿತು. ನಾನು ಹೋದ ಕಡೆ ಯಾರೂ ಸಾಯುವುದಿಲ್ಲ ಎಂದು ಅವನು ಗೆಳೆಯರ ಮುಂದೆ ಹೇಳಿಕೊಂಡ.

ತರಬೇತಿಯ ಕೊನೆಯ ಭಾಗದಲ್ಲಿ ಅವನನ್ನು ಒಂದು ಆಂಬುಲೆನ್ಸಿನ ಜೊತೆ ಕಳಿಸಿದರು. ಮೊದಲ ವಾರವೇ ಒಂದು ಊರಿನಿಂದ ಕರೆ ಬಂತು. ಸೈಕಲ್ ರಿಪೇರಿ ಮಾಡುವವನೊಬ್ಬ ಅಂಗಡಿಯ ಮುಂದೆ ಕುಸಿದು ಬಿದ್ದಿದ್ದ. ಗಾಡಿ ಹದಿನೇಳು ನಿಮಿಷಕ್ಕೆ ಅಲ್ಲಿಗೆ ಹೋಯಿತು. ತಬಲಾದವನು ಹಾರಿ ಇಳಿದ. ತಾಳ ತಪ್ಪದೆ ಎದೆ ಒತ್ತಿದ. ತಾನು ಕಲಿತದ್ದನ್ನೆಲ್ಲ ಮಾಡಿದ. ಆ ಮನುಷ್ಯ ಉಳಿಯಲಿಲ್ಲ.

ಹಿಂದಿರುಗುವಾಗ ಅವನು ಚಾಲಕನ ಮೇಲೆ ಸಿಟ್ಟಾದ. "ಇನ್ನೂ ಜೋರಾಗಿ ಓಡಿಸಬೇಕಿತ್ತು" ಎಂದ.

ಚಾಲಕ ಹಳಬ. ಅವನಿಗೆ ಸಿಟ್ಟು ಬರಲಿಲ್ಲ. "ನಾ ಎಷ್ಟು ಜೋರ ಓಡಿಸಿದ್ರೂ ಮೂರು ನಿಮಿಷ ಉಳೀತಿತ್ತೋ ಏನೋ" ಎಂದ. "ಆದ್ರ ನಾವು ಹೋದಾಗ ಅಲ್ಲಿ ಹನ್ನೆರಡು ಮಂದಿ ನಿಂತಿದ್ರು. ನೋಡಿದೇನು? ಅವರು ಹದಿನೇಳು ನಿಮಿಷ ಅಲ್ಲೇ ಇದ್ರು."

ತಬಲಾದವನು ಆ ಮಾತನ್ನು ಮೂರು ದಿನ ಹೊತ್ತು ತಿರುಗಿದ. ನಾಲ್ಕನೆಯ ದಿನ ಅವನಿಗೆ ವಾರದ ರಜೆ. ಅವನು ಬಸ್ಸು ಹತ್ತಿ, ತಮ್ಮ ಗಾಡಿಗೆ ದೂರವಾಗುವ ಹಳ್ಳಿಯೊಂದಕ್ಕೆ ಹೋದ.

ಮೊದಲು ಚಹಾ ಅಂಗಡಿಯಲ್ಲಿ ಕೇಳಿದ. ಎದೆಬಡಿತ ನಿಂತವರನ್ನು ಉಳಿಸುವುದು ಹೇಗೆಂದು ತೋರಿಸುತ್ತೇನೆ, ಅರ್ಧ ಗಂಟೆ ಸಾಕು ಎಂದ. ಬೆಳಗ್ಗೆ ಬೆಳಗ್ಗೆ ಸಾವಿನ ಮಾತು ಬೇಡ ಎಂದು ಅಲ್ಲಿದ್ದವರು ಎದ್ದು ಹೋದರು. ಪಂಚಾಯಿತಿ ಕಟ್ಟೆಯ ಮೇಲೆ ಕುಳಿತವರು ಮುಂದಿನ ವಾರ ಬಾ ಎಂದರು. ಅವನು ಬಸ್ ನಿಲ್ದಾಣದ ಕಡೆ ತಿರುಗಿದ.

ದಾರಿಯಲ್ಲಿ ಒಂದು ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿತು. ಒಂದಲ್ಲ, ಏಳು ಕೈಗಳ ಸದ್ದು. ಅವನು ನಿಂತು ಕೇಳಿದ. ಅದು ಎಲ್ಲಿಯೂ ತಪ್ಪುತ್ತಿರಲಿಲ್ಲ. ಅವನು ಬಾಗಿಲಲ್ಲಿ ಇಣುಕಿದ.

ಅದು ಜೋಳದ ರೊಟ್ಟಿ ಮಾಡಿ ಪಟ್ಟಣಕ್ಕೆ ಕಳಿಸುವ ಹೆಂಗಸರ ಕೇಂದ್ರ. ಅಲ್ಲಿಗೆ ಹಿರಿಯಳು ಶಂಕ್ರವ್ವ. ತಬಲಾದವನು ಬಂದ ಕಾರಣ ಹೇಳಿದ. ಶಂಕ್ರವ್ವ ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಕಲಿಸಪಾ, ಬ್ಯಾಡ ಅನ್ನೂದಿಲ್ಲ" ಎಂದಳು. "ಆದ್ರ ನಮ್ಮ ಹೊತ್ತು ಹಾಳಾಗ್ತದ. ಮೊದಲ ನೀ ಒಂದು ರೊಟ್ಟಿ ಬಡದು ತೋರಸು."

ತಬಲಾದವನು ಅಂಗಿಯ ತೋಳು ಮಡಚಿ ಕುಳಿತ. ತಾಳ ಸರಿಯಾಗಿತ್ತು. ರೊಟ್ಟಿ ಮೂರು ತುಂಡಾಯಿತು. ಏಳೂ ಮಂದಿ ಮುಖಕ್ಕೆ ಸೆರಗು ಹಿಡಿದು ನಕ್ಕರು. ನಗು ಮುಗಿದ ಮೇಲೆ ಅವರು ಅವನಿಗೆ ಕಿವಿ ಕೊಟ್ಟರು.

ಅವನ ಬಳಿ ಗೊಂಬೆ ಇರಲಿಲ್ಲ. ಹಿಟ್ಟಿನ ಚೀಲವನ್ನು ನೆಲದ ಮೇಲೆ ಮಲಗಿಸಿದ. ಎದೆಯ ನಡುವೆ ಅಂಗೈ ಇಡುವುದನ್ನು ತೋರಿಸಿದ. ಮೊಣಕೈ ಮಡಚಬಾರದು, ಎರಡು ಅಂಗುಲ ಒಳಗೆ ಹೋಗಬೇಕು, ಪ್ರತಿ ಸಲವೂ ಪೂರ್ತಿ ಮೇಲೆ ಬರಲು ಬಿಡಬೇಕು ಎಂದ. ಒಬ್ಬರು ಇನ್ನೂರು ಎಣಿಸುವಷ್ಟು ಒತ್ತಿ ಮುಂದಿನವರಿಗೆ ಬಿಡಬೇಕು, ದಣಿದ ಕೈ ಮೋಸ ಮಾಡುತ್ತದೆ ಎಂದ. ಇದು ಅವರಿಗೆ ಹೊಸದಾಗಿರಲಿಲ್ಲ. ರೊಟ್ಟಿ ಬಡಿಯುವವಳ ಕೈ ಸೋತರೆ ಪಕ್ಕದವಳು ಅದೇ ರೊಟ್ಟಿಗೆ ಕೈ ಹಾಕುವುದು ಅಲ್ಲಿ ದಿನವೂ ನಡೆಯುತ್ತಿತ್ತು.

ಉಸಿರು ನಿಂತವನು ಹೇಗೆ ಕಾಣುತ್ತಾನೆ ಎಂದು ಒಬ್ಬಳು ಕೇಳಿದಳು. ತಬಲಾದವನು ಎಂದೂ ಬಣ್ಣ ಹಚ್ಚಿದವನಲ್ಲ. ಆದರೂ ಆ ದಿನ ನೆಲಕ್ಕೆ ಬಿದ್ದು ಸತ್ತು ತೋರಿಸಿದ. ದಡಕ್ಕೆ ಬಿದ್ದ ಮೀನಿನಂತೆ ಆಗೊಮ್ಮೆ ಈಗೊಮ್ಮೆ ಬಾಯಿ ತೆರೆದು ಗೊರಗೊರ ಎಂದ. ಇದನ್ನು ಉಸಿರು ಎಂದುಕೊಂಡು ಜನ ಸುಮ್ಮನೆ ನಿಲ್ಲುತ್ತಾರೆ, ಇದು ಉಸಿರಲ್ಲ ಎಂದು ಎದ್ದು ಕುಳಿತು ಹೇಳಿದ. ಹೆಂಗಸರಿಗೆ ಅದು ಬಹಳ ಹಿಡಿಸಿತು. ಇನ್ನೊಮ್ಮೆ ಸಾಯಿ ಎಂದರು. ಅವನು ನಾಲ್ಕು ಸಲ ಸತ್ತ.

ಒಂದು ಸಲ ಕಲಿತದ್ದು ಉಳಿಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ಮುಂದಿನ ಮೂರು ರಜೆಗಳಲ್ಲೂ ಅಲ್ಲಿಗೇ ಹೋದ. ಆಮೇಲೆ ಅವನ ಪರೀಕ್ಷೆ ಬಂತು. ಪಾಸಾದ. ಅದೇ ಗಾಡಿಯಲ್ಲಿ ಕೆಲಸ ಸಿಕ್ಕಿತು. ದಿನವೂ ಕರೆಗಳು. ರೊಟ್ಟಿ ಕೇಂದ್ರದ ಕಡೆ ಹೋಗಲು ಆಗಲಿಲ್ಲ.

ಆರು ತಿಂಗಳಾಯಿತು. ಒಂದು ಬೆಳಗ್ಗೆ ಹತ್ತು ಗಂಟೆಗೆ ಜೋಳದ ವ್ಯಾಪಾರಿಯೊಬ್ಬ ಟೆಂಪೋದಲ್ಲಿ ಆ ಕೇಂದ್ರಕ್ಕೆ ಬಂದ. ಚೀಲಗಳನ್ನು ಇಳಿಸಿ ಆಯಿತು. ಅವನು ಕುಡಿಯಲು ನೀರು ಕೇಳಿದ. ತಂಬಿಗೆ ಕೈಗೆ ಬರುವ ಮೊದಲೇ ಎದೆ ಹಿಡಿದುಕೊಂಡು ನೆಲಕ್ಕೆ ಬಿದ್ದ.

ಟೆಂಪೋದವನು ಓಡಿ ಬಂದ. ವ್ಯಾಪಾರಿಯ ಬಾಯಿ ತೆರೆದು ಮುಚ್ಚಿತು. ಗಂಟಲು ಗೊರಗೊರ ಎಂದಿತು.

"ಉಸಿರಾಡಾಕತ್ತಾರ, ಯಾರೂ ಮುಟ್ಟಬ್ಯಾಡ್ರಿ. ನೀರು ಹಾಕ್ರಿ" ಎಂದ ಟೆಂಪೋದವನು.

ಶಂಕ್ರವ್ವ ಮಂಡಿಯೂರಿ ವ್ಯಾಪಾರಿಯ ಭುಜ ತಟ್ಟಿದಳು. ಕೂಗಿ ಕರೆದಳು. ಅವನು ಓಗೊಡಲಿಲ್ಲ. "ಇದು ಉಸಿರಲ್ಲೋ ತಮ್ಮಾ" ಎಂದಳು. "ಇದನ್ನ ಆ ತಬಲಾದಾವ ನಾಕು ಸಲ ಸತ್ತು ತೋರಿಸ್ಯಾನ. ನೀರು ಹಾಕಬ್ಯಾಡ. ಆಂಬುಲೆನ್ಸಿಗೆ ಫೋನ್ ಹಚ್ಚು."

ಅವಳು ವ್ಯಾಪಾರಿಯ ಎದೆಯ ನಡುವೆ ಅಂಗೈ ಊರಿ ಒತ್ತತೊಡಗಿದಳು. ಒಬ್ಬಳು ಗಟ್ಟಿಯಾಗಿ ಎಣಿಸಿದಳು. ಇನ್ನೂರಕ್ಕೆ ಶಂಕ್ರವ್ವ ಸರಿದಳು. ಎರಡನೆಯವಳು ಬಂದಳು. ಮೂರನೆಯವಳು ಬಂದಳು.

ಅಷ್ಟರಲ್ಲಿ ಬಾಗಿಲ ಮುಂದೆ ಊರು ಸೇರಿತ್ತು. ಹೆಂಗಸರು ಪರಗಂಡಸಿನ ಎದೆಯ ಮೇಲೆ ಕೈ ಇಡುವುದುಂಟೇ ಎಂದು ಒಬ್ಬ ಗೊಣಗಿದ. ನಾಲ್ಕನೆಯ ಸರದಿ ಆ ವರ್ಷವೇ ಮದುವೆಯಾಗಿ ಬಂದ ಸೊಸೆಯದು. ಅವಳ ಮಾವ ಬಾಗಿಲಲ್ಲೇ ನಿಂತಿದ್ದ. ಅವಳು ಮಾವನ ಮುಖ ನೋಡಿದಳು. ಕೈ ಮುಂದೆ ಹೋಗಲಿಲ್ಲ. ಮೂರನೆಯವಳ ಎಣಿಕೆ ನೂರ ಎಂಬತ್ತಕ್ಕೆ ಬಂದಿತ್ತು.

ಮಾವ ಹೆಗಲ ಮೇಲಿನ ವಲ್ಲಿಯನ್ನು ತೆಗೆದು ನಡುವಿಗೆ ಸುತ್ತಿದ. ಜನರ ಕಡೆ ತಿರುಗಿ ಎರಡೂ ತೋಳು ಅಗಲಿಸಿದ. "ಹಿಂದ ಸರೀರಿ, ಗಾಳಿ ಬಿಡ್ರಿ" ಎಂದ. ಸೊಸೆಗೆ ಬೆನ್ನು ಮಾಡಿಯೇ, "ನೀ ಒತ್ತವಾ" ಎಂದ.

ಅವಳು ಇನ್ನೂರು ಒತ್ತಿದಳು. ಒಂದೂ ತಪ್ಪಲಿಲ್ಲ.

ಆಂಬುಲೆನ್ಸಿಗೆ ಆ ಹೊತ್ತಿಗೆ ರೈಲ್ವೆ ಗೇಟು ಹಾಕಿತ್ತು. ಗೂಡ್ಸ್ ಗಾಡಿಯ ಡಬ್ಬಿಗಳು ಒಂದರ ಹಿಂದೆ ಒಂದು ಹೋಗುತ್ತಲೇ ಇದ್ದವು. ತಬಲಾದವನಿಗೆ ಊರಿನ ಹೆಸರು ಗೊತ್ತಾಗಿತ್ತು. ಯಾರು ಬಿದ್ದಿದ್ದಾರೆಂದು ಗೊತ್ತಿರಲಿಲ್ಲ. ಅವನು ಗೇಟನ್ನೇ ನೋಡುತ್ತ ಕುಳಿತ.

ಹದಿನಾರನೆಯ ನಿಮಿಷಕ್ಕೆ ಗಾಡಿ ಕೇಂದ್ರದ ಮುಂದೆ ನಿಂತಿತು. ಅವನು ಬಾಗಿಲು ತೆರೆದಾಗ ಒಳಗಿನಿಂದ ಎಣಿಕೆ ಕೇಳಿಸಿತು. ನೂರ ಮೂವತ್ತೆಂಟು, ನೂರ ಮೂವತ್ತೊಂಬತ್ತು. ಅವನಿಗೆ ಕಣ್ಣು ತುಂಬಿ ಬಂತು. ಓಡಿ ಒಳಗೆ ಹೋಗಿ, ಎರಡನೆಯ ಸಲ ಸರದಿಗೆ ಬಂದು ಒತ್ತುತ್ತಿದ್ದ ಶಂಕ್ರವ್ವನ ಎದುರು ಮಂಡಿಯೂರಿ ಎರಡೂ ಕೈ ಚಾಚಿದ.

ಶಂಕ್ರವ್ವ ತಲೆ ಎತ್ತಲಿಲ್ಲ. "ನಂದು ಇನ್ನೂ ಐವತ್ತು ಅದಾವ" ಎಂದಳು. "ನೀ ನಿನ್ನ ಮಿಶಿನ್ನು ಹಚ್ಚು."

ಅವನು ಚಾಚಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡ. ಅವಳು ಹೇಳಿದ್ದೇ ಸರಿಯಾಗಿತ್ತು. ಅವಳ ಕೈ ನಿಲ್ಲದಂತೆ ವ್ಯಾಪಾರಿಯ ಅಂಗಿ ಕತ್ತರಿಸಿ ಎದೆಬಡಿತವನ್ನು ಸರಿದಾರಿಗೆ ತರುವ ಶಾಕ್ ಯಂತ್ರದ ಪಟ್ಟಿಗಳನ್ನು ಎದೆಗೆ ಅಂಟಿಸಿದ. ಎಲ್ಲರನ್ನೂ ದೂರ ಸರಿಯಲು ಹೇಳಿ ಶಾಕ್ ಕೊಟ್ಟ. ಕೊಟ್ಟ ಕೂಡಲೇ ಮತ್ತೆ ಒತ್ತಿ ಎಂದ. ಸರದಿಯಲ್ಲಿದ್ದವಳು ಬಂದು ಒತ್ತತೊಡಗಿದಳು.

ಎಣಿಕೆ ಎಪ್ಪತ್ತು ದಾಟಿತು. ವ್ಯಾಪಾರಿಯ ಕೈ ಮೆಲ್ಲಗೆ ಎದ್ದು ಅವಳ ಕೈಯನ್ನು ತಳ್ಳಿತು.

ತಬಲಾದವನು ಕತ್ತಿನ ನಾಡಿ ನೋಡಿದ. ಅದು ಬಡಿಯುತ್ತಿತ್ತು. ಅವನು ತಲೆಯಾಡಿಸಿದ. ಶಂಕ್ರವ್ವ ಗೋಡೆಗೆ ಒರಗಿ ಕಾಲು ಚಾಚಿ ಕುಳಿತಳು. ಅವಳಿಗೆ ಮೊದಲು ಅಳು ಬಂತು, ಆಮೇಲೆ ನಗು ಬಂತು. ಅವಳ ನಗು ನೋಡಿ ಉಳಿದವರೂ ನಕ್ಕರು. ಒಲೆಯ ಮೇಲೆ ಬಿಟ್ಟಿದ್ದ ಒಂದು ರೊಟ್ಟಿ ಸುಟ್ಟು ಕರಿಯಾಗಿತ್ತು. ಯಾರಿಗೂ ಅದರ ನೆನಪಿರಲಿಲ್ಲ.

ಐದು ವಾರಗಳ ಮೇಲೆ ವ್ಯಾಪಾರಿ ಹೆಂಡತಿಯನ್ನು ಕರೆದುಕೊಂಡು ಬಂದ. ಮೆಲ್ಲಗೆ ನಡೆಯುತ್ತಿದ್ದ. ಮುಖಕ್ಕೆ ಕಳೆ ಬಂದಿತ್ತು. ಬಾಗಿಲಲ್ಲೇ ನಿಂತು, "ಎರಡು ಪಕ್ಕೆಲುಬು ಮುರದೀರಿ ನಮ್ಮವ್ವಗಳ್ರಾ. ನಕ್ಕರ ಇನ್ನೂ ಚುಚ್ಚತದ" ಎಂದ.

"ಹಂಗಾರ ಈಗ ನಗಬ್ಯಾಡ್ರಿ, ಕೂಡ್ರಿ, ಉಣ್ರಿ" ಎಂದಳು ಶಂಕ್ರವ್ವ.

ಅವನಿಗೆ ನಗದೆ ಇರಲು ಆಗಲಿಲ್ಲ. ಪಕ್ಕೆ ಹಿಡಿದುಕೊಂಡೇ ನಕ್ಕ. ಅವನ ಹೆಂಡತಿ ಏಳೂ ಹೆಂಗಸರ ಕೈಗಳನ್ನು ಒಂದೊಂದಾಗಿ ಹಿಡಿದು ಕಣ್ಣಿಗೆ ಒತ್ತಿಕೊಂಡಳು. ಆ ದಿನ ಕೇಂದ್ರದಲ್ಲಿ ಎಣ್ಣೆಗಾಯಿ ಪಲ್ಯ, ಶೇಂಗಾ ಚಟ್ನಿ, ಕೆನೆಮೊಸರು. ತಬಲಾದವನಿಗೂ ಕರೆ ಹೋಗಿತ್ತು. ಚಾಲಕನೂ ಬಂದಿದ್ದ. ಊಟವಾದ ಮೇಲೆ ತಬಲಾದವನು ಹಿಟ್ಟಿನ ಡಬ್ಬಿಯನ್ನು ಬೋರಲು ಹಾಕಿ ನುಡಿಸಿದ. ಹೊಸ ಸೊಸೆ ಹಾಡಿದಳು. ಅವಳ ಮಾವ ತಲೆದೂಗಿದ. ಚಹಾ ಅಂಗಡಿಯವರು ಬಂದು, ನಮಗೂ ಯಾವಾಗ ಕಲಿಸುತ್ತೀರಿ ಎಂದು ಕೇಳಿದರು. ತಬಲಾದವನು ನನಗೆ ಹೊತ್ತಿಲ್ಲ, ಶಂಕ್ರವ್ವನನ್ನು ಕೇಳಿ ಎಂದ.

ಮಾಸ್ತರರು ಕತೆ ನಿಲ್ಲಿಸಿದರು. ಶಿಷ್ಯರ ಮುಖದಲ್ಲಿ ಇನ್ನೂ ನಗು ಇತ್ತು. ಕಸ್ತೂರಿಯೂ ನಗುತ್ತಿದ್ದಳು. ಆದರೆ ಅವಳ ಸಂಶಯ ಹೋಗಿರಲಿಲ್ಲ.

"ಚೆಂದದ ಕತೆ, ಮಾಸ್ತರರೇ" ಎಂದಳು. "ಆದರೆ ಆ ದಿನ ತಬಲಾದವನು ಒಂದು ಸಲವೂ ಎದೆ ಒತ್ತಲಿಲ್ಲ. ಅವನು ಅಲ್ಲಿಗೆ ಹೋದದ್ದೂ ಹದಿನಾರು ನಿಮಿಷ ತಡವಾಗಿಯೇ ಅಲ್ಲವೇ?"

ಮಾಸ್ತರರು ಎದ್ದು ನಿಂತರು.

"ತಡವಾದದ್ದು ಗಾಡಿ, ಅವನು ಆರು ತಿಂಗಳು ಮೊದಲೇ ಅಲ್ಲಿಗೆ ತಲುಪಿದ್ದ."