ಸಿಕೀಯ ಬಾಲ ಮತ್ತು ಆರದ ಕೆಂಡ

ಕಡಲು ತನ್ನ ತಳದಿಂದ ದ್ವೀಪಗಳನ್ನು ಆಗಷ್ಟೇ ಎತ್ತಿ, ಹಪ್ಪಳ ಹರವಿದ ಹಾಗೆ ಒಣಗಲು ಹರವಿದ್ದ ಕಾಲ ಅದು. ಸೂರ್ಯ ಕೆಲಸಕ್ಕೆ ಹೊಸಬ. ಮನಸ್ಸು ಬಂದರೆ ಬರುತ್ತಿದ್ದ, ಇಲ್ಲದಿದ್ದರೆ ಮೋಡ ಹೊದ್ದು ಮಲಗಿಬಿಡುತ್ತಿದ್ದ.

ಅಂಥ ಒಂದು ದ್ವೀಪದಲ್ಲಿ ಸಿಕೀ ಎಂಬ ಹಕ್ಕಿಯಿದ್ದಳು. ಹಿಡಿಯಷ್ಟೂ ಇಲ್ಲದ ಮೈ, ಉದ್ದನೆಯ ಕಪ್ಪು ಬಾಲ. ಕೂತರೆ ಕೂತೇ ಬಿಡುವ ಜಾಯಮಾನ. ಕೂತಲ್ಲೇ ಹಾಡುವಳು, ಕೂತಲ್ಲೇ ತೂಕಡಿಸುವಳು. "ಬಂಡೆಯಾದ್ರೂ ಅಲ್ಲಾಡೀತು, ಸಿಕೀ ಅಲ್ಲಾಡೋಲ್ಲ" ಎಂದು ಏಡಿಗಳು ನಗುತ್ತಿದ್ದವು.

ಒಮ್ಮೆ ಮಳೆ ಹಿಡಿಯಿತು. ಹಿಡಿದದ್ದು ಬಿಡಲೇ ಇಲ್ಲ. ಸೂರ್ಯನ ಸುಳಿವಿಲ್ಲ. ಗೂಡಿನಲ್ಲಿದ್ದ ಸಿಕೀಯ ಒಂದೇ ಮೊಟ್ಟೆ ತಣ್ಣಗಾಗತೊಡಗಿತು. ಅವಳ ಅಳು ಕೇಳಿ ಲೇಪುವಾ ಎಂಬ ಅಜ್ಜಿ ಬಂದಳು. ಗೂಡನ್ನು ಮೊಟ್ಟೆ ಸಮೇತ ಎತ್ತಿ ತಂದು ತನ್ನ ಗವಿಯಲ್ಲಿಟ್ಟಳು.

ಗವಿಯಲ್ಲಿ ದ್ವೀಪಕ್ಕೆಲ್ಲ ಇದ್ದ ಒಂದೇ ಬೆಂಕಿಯಿತ್ತು, ತೆಂಗಿನ ಸಿಪ್ಪೆಯೊಳಗಿನ ಒಂದು ಕೆಂಡ. ಅಲ್ಲಿಯವರಿಗೆ ಬೆಂಕಿ ಹೊತ್ತಿಸಲು ಬರುತ್ತಿರಲಿಲ್ಲ. ಕರುವನ್ನು ಸಾಕಿದ ಹಾಗೆ ಅದನ್ನು ಸಾಕುತ್ತಿದ್ದರು.

"ಸಿಪ್ಪೆ ಮುಗೀತಾ ಬಂತು ಮಗಳೇ" ಎಂದಳು ಅಜ್ಜಿ. "ಆ ತುದಿಯ ಬಂಡೆ ಸಂದೀಲಿ ಒಣಗಿದ್ದು ಇಟ್ಟಿದ್ದೀನಿ, ತರ್ತೀನಿ. ಅಲ್ಲೀವರೆಗೂ ಕೆಂಡ ನೋಡ್ಕೋ. ಇದು ಆರಿದ್ರೆ ನಿನ್ನ ಮರೀನೂ ಇಲ್ಲ, ನಾನೂ ಇಲ್ಲ."

"ನೋಡ್ಕೋತೀನಿ ಅಜ್ಜಿ" ಎಂದಳು ಸಿಕೀ.

ಅಜ್ಜಿ ಅತ್ತ ಹೋದಳು, ಕೆಂಡ ಇತ್ತ ಮಂಕಾಯಿತು. ಪಾಪ, ಹಕ್ಕಿಗೆ ಗೊತ್ತಿದ್ದುದು ಒಂದೇ ವಿದ್ಯೆ. ತಣ್ಣಗಾಗುವುದರ ಮೇಲೆ ಕೂರಬೇಕು. ಸಿಕೀ ಮೊಟ್ಟೆ ಬಿಟ್ಟೆದ್ದು, ಬೂದಿ ಮುಚ್ಚಿದ ಕೆಂಡದ ಮೇಲೆ ರೆಕ್ಕೆ ಹರವಿ ಕೂತಳು. ಬೆಚ್ಚಗೆ ಕಾವು ಕೊಟ್ಟಳು. ಕೆಂಡ ಇನ್ನಷ್ಟು ಕಪ್ಪಾಯಿತು.

ಗವಿಯ ಬಾಯಲ್ಲಿದ್ದ ಗಾಳಿ ಕೂಗಿತು. "ಅಯ್ಯೋ ಹುಚ್ಚಿ, ಏಳು! ಅದೇನು ಮೊಟ್ಟೆಯಾ? ಅದಕ್ಕೆ ಉಸಿರು ಬೇಕು!"

"ಹಾಗಾದ್ರೆ ನೀನೇ ಊದು ಗಾಳಿಯಣ್ಣ!"

ಗಾಳಿ ಊದಿತು. ಬೂದಿ ಹಾರಿತು, ಕಿಡಿ ಚದುರಿತು. "ಸಾಕು, ಸಾಕು!" ಎಂದು ಸಿಕೀ ಚೀರಿದಳು.

"ಮೆಲ್ಲಗೆ ಊದೋಕೆ ನಂಗೆ ಬರೋಲ್ಲ ತಂಗಿ" ಎಂದು ಗಾಳಿ ಹಿಂದೆ ಸರಿಯಿತು.

ಈಗ ಉಳಿದದ್ದು ಸಾಸಿವೆ ಕಾಳಿನಷ್ಟು ಕೆಂಪು. ಮೊಟ್ಟೆ ಮುಟ್ಟಿ ನೋಡಿದರೆ ಅದೂ ತಣ್ಣಗೆ. ಮೊಟ್ಟೆಯ ಬಳಿ ಹೋದರೆ ಕೆಂಡ ಆರುತ್ತದೆ, ಕೆಂಡದ ಬಳಿ ಬಂದರೆ ಮೊಟ್ಟೆ ಸಾಯುತ್ತದೆ. ಅತ್ತ ದರಿ, ಇತ್ತ ಪುಲಿ. ಇರುವುದೊಂದೇ ಮೈ.

ತಾಯಿ ಜೀವ ತಡೆಯಲಿಲ್ಲ. ಕೆಂಡದ ಪಕ್ಕದಲ್ಲೇ ಇದ್ದ ಗೂಡಿಗೆ ಹಾರಿ ಮೊಟ್ಟೆಯ ಮೇಲೆ ಕೂತಳು. ಬೆನ್ನು ಕೆಂಡದ ಕಡೆಗಿತ್ತು. ಗಾಬರಿಗೆ ಮೈಯೆಲ್ಲ ನಡುಗಿ ಬಾಲ ಅಗಲವಾಗಿ ಬಿಚ್ಚಿಕೊಂಡು, ಒಮ್ಮೆ ಬೀಸಿತು.

ಕೆಂಡ ಕಣ್ಣು ಬಿಟ್ಟಿತು!

ಸಿಕೀ ಮತ್ತೆ ಬೀಸಿದಳು. ಎಡಕ್ಕೆ ಹೊರಳಿ ನೋಡಿದಳು, ಕೆಂಪಿದೆಯೇ? ಇದೆ. ಬಲಕ್ಕೆ ಹೊರಳಿ ನೋಡಿದಳು, ಇದೆಯೇ? ಇದೆ. ಮತ್ತೆ ಬೀಸಿದಳು. ಸ್ವಲ್ಪ ನಿಂತರೆ ಮಂಕು, ಬೀಸಿದರೆ ಕೆಂಪು. ಬೂದಿ ಹಾರಿ ಬಾಲದ ತುದಿಗೆಲ್ಲ ಬೆಳ್ಳಗೆ ಅಂಟಿಕೊಂಡಿತು. ರೆಪ್ಪೆ ಎಳೆಯುತ್ತಿತ್ತು. ಅಜ್ಜಿ ಬರುವುದೇ ಇಲ್ಲವೇನೋ ಅನ್ನಿಸಿತು. ಆದರೂ ಬೀಸಿದಳು, ಹೊರಳಿದಳು, ನೋಡಿದಳು.

ಕೊನೆಗೆ ಲೇಪುವಾ ಏದುಸಿರು ಬಿಡುತ್ತಾ ಬಂದಳು. ಒಣ ಸಿಪ್ಪೆ ಕೊಟ್ಟದ್ದೇ ತಡ, ಬೆಂಕಿ ಧಗ್ಗನೆ ಎದ್ದಿತು. ಗವಿ ಬೆಚ್ಚಗಾಯಿತು. ಕೆಲದಿನಗಳಲ್ಲಿ ಮೊಟ್ಟೆಯೊಡೆದು ಮರಿ ಬಾಯಿ ತೆರೆಯಿತು. ನಾಚಿಕೆಗೆಟ್ಟ ಸೂರ್ಯನೂ ಹೊರಬಂದ.

ಸಿಕೀ ಮಾತ್ರ ಬೀಸುತ್ತಲೇ ಇದ್ದಳು.

"ಸಾಕು ಮಗಳೇ, ಮರಿ ಉಳೀತು, ಬೆಂಕಿ ಉಳೀತು. ಇನ್ನು ಸುಮ್ನೆ ಕೂತ್ಕೋ" ಎಂದಳು ಅಜ್ಜಿ.

"ಇನ್ನೊಂದೇ ಸಲ ನೋಡ್ಬಿಡ್ತೀನಿ ಅಜ್ಜಿ" ಎಂದಳು ಸಿಕೀ.

ಆ ಇನ್ನೊಂದು ಸಲ ಇವತ್ತಿಗೂ ಮುಗಿದಿಲ್ಲ ಕಂದ. ಬಿಳಿ ತುದಿಯ ಬಾಲವನ್ನು ಬೀಸಣಿಗೆಯಂತೆ ಬಿಚ್ಚಿ, ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೊರಳುತ್ತಾ ಕೊಂಬೆಯ ಮೇಲೆ ಒಂದು ಪುಟ್ಟ ಹಕ್ಕಿ ಚಡಪಡಿಸುವುದನ್ನು ಕಂಡರೆ ನಗಬೇಡ, ತನ್ನ ಮರಿಯ ಬೆಂಕಿ ಆರಿಹೋಯಿತೇನೋ ಎಂದು ಅದು ನೋಡುತ್ತಿದೆ.