ಎದುರು ಕುರ್ಚಿಯ ವಕೀಲ

ಶಿಷ್ಯ ಕೇಳಿದ: “ಗುರುಗಳೇ, ನಾಳೆ ನೀವು ಹೋಗಿಬಿಟ್ಟರೆ ನಮ್ಮ ಪ್ರಶ್ನೆಗಳಿಗೆ ಉತ್ತರ ಹೇಳುವವರು ಯಾರು?”

“ನಾಳೆಯೇ ಕಳಿಸಿಬಿಡುತ್ತೀಯೇನೋ? ಇವತ್ತಿನ ಊಟವಾದರೂ ಆಗಲಿ,” ಎಂದು ಗುರುಗಳು ನಕ್ಕರು. ಆಮೇಲೆ ಈ ಕತೆ ಹೇಳಿದರು.

ಕಾಡಿನ ಅಂಚಿನಲ್ಲಿ ಸಿದ್ದಿ ಜನರದ್ದೊಂದು ಕೇರಿ. ಅವರ ಹಿರಿಯರನ್ನು ಎಷ್ಟೋ ತಲೆಮಾರುಗಳ ಹಿಂದೆ ಆಫ್ರಿಕಾದಿಂದ ಹಡಗಿನಲ್ಲಿ ತುಂಬಿಕೊಂಡು ಬಂದು ಆಳುಗಳಾಗಿ ಮಾರಿದ್ದರು. ತಪ್ಪಿಸಿಕೊಂಡವರು ಕಾಡು ಸೇರಿದರು, ನೆಲ ಹಸನು ಮಾಡಿ ಭತ್ತ ಬೆಳೆದರು, ಇಲ್ಲಿಯವರೇ ಆದರು. ಆದರೂ ಪೇಟೆಗೆ ಹೋದರೆ ಅವರ ಕಪ್ಪು ಮೈ, ಗುಂಗುರು ಕೂದಲು ನೋಡಿ “ನೀವು ಯಾವ ದೇಶದವರು?” ಎಂದು ಕೇಳುವವರಿಗೇನೂ ಕಡಿಮೆಯಿರಲಿಲ್ಲ.

ಆ ಕೇರಿಯ ಬಸ್ತ್ಯಾಂವ ಎಂಬವನು ಓದಿ ವಕೀಲನಾದ. ಅವರ ಪೈಕಿ ಕರಿ ಕೋಟು ತೊಟ್ಟವನು ಅವನೇ ಮೊದಲು. ಮೊದಲ ದಿನ ಕೋರ್ಟಿನ ಬಾಗಿಲಲ್ಲಿ ಜವಾನ ಕೈ ಅಡ್ಡ ಹಿಡಿದ.

“ಯಾವ ಸಾಹೇಬರ ಕೋಟೋ ಅದು? ಮೈಮೇಲೆ ಹಾಕ್ಕೊಂಡು ತರ್ತಾರೇನೋ?”

“ಸಾಹೇಬರು ಒಳಗೇ ಇದ್ದಾರೆ ಅಣ್ಣಾ,” ಎಂದು ಬಸ್ತ್ಯಾಂವ ಕೋಟಿನ ಗುಂಡಿ ತಟ್ಟಿ ತೋರಿಸಿದ. ಜವಾನ ತಲೆ ಕೆರೆದುಕೊಂಡು ಅರ್ಥ ಮಾಡಿಕೊಳ್ಳುವಷ್ಟರಲ್ಲಿ ಅವನು ಒಳಗೆ ಹೋಗಿಯಾಗಿತ್ತು.

ಹೋಟೆಲಿನ ಬೆಂಚಿನಿಂದ ತನ್ನವರನ್ನು ಎಬ್ಬಿಸಿದ್ದಕ್ಕೂ ಅವನು ದಾವೆ ಹೂಡಿದ, ಶಾಲೆಯಲ್ಲಿ ಮಕ್ಕಳನ್ನು ಬೇರೆ ಕೂರಿಸಿದ್ದಕ್ಕೂ ಹೂಡಿದ. ಎಷ್ಟೋ ಗೆದ್ದ. ಸೋತ ದಿನವೂ ಕೇರಿಗೆ ಬೆಲ್ಲ ತಂದು ಹಂಚಿದ. ಸೋತದ್ದಕ್ಕೆ ಬೆಲ್ಲ ಯಾಕೆ ಎಂದರೆ, “ಎದ್ದು ನಿಂತು ಕೇಳಿದೆವಲ್ಲ, ಅದಕ್ಕೆ,” ಎನ್ನುತ್ತಿದ್ದ.

ಅವನದೊಂದು ಪದ್ಧತಿಯಿತ್ತು. ಭಾನುವಾರ ಇಗರ್ಜಿಯಲ್ಲಿ ಪ್ರಾರ್ಥನೆ ಮುಗಿಸಿ ಬಂದ ಮೇಲೆ ಹಲಸಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಆಗ ಅವನು ಅವರ ವಕೀಲನಲ್ಲ, ಎದುರು ಪಕ್ಷದ ವಕೀಲ. ಯಾರ ಮೊಕದ್ದಮೆಯೋ ಅವರು ಬಂದು ಅವನ ಮುಂದೆ ನಿಲ್ಲಬೇಕು. ಅವನು ಹಂಗಿಸುವನು, ಮಾತು ತಿರುಚುವನು, ಕಣ್ಣು ಮಿಟುಕಿಸದೆ ಸುಳ್ಳು ಹೇಳುವನು. ಕೇರಿಯವರೆಲ್ಲ ಸುತ್ತ ಕೂತು ಹೊಟ್ಟೆ ಹಿಡಿದುಕೊಂಡು ನಗುವರು. ಬಯಲಾಟ ನೋಡಲು ಹೋಗುವುದನ್ನೇ ಅವರು ಬಿಟ್ಟಿದ್ದರು.

ಆ ಕೇರಿಯಲ್ಲಿ ಪಾವ್ಲಿನಾ ಎಂಬ ಮುದುಕಿ ಇದ್ದಳು. ಅವಳಿಗಿದ್ದದ್ದು ಎರಡು ಎಕರೆ ಹೊಲ, ಅದರಲ್ಲೊಂದು ಬಾವಿ. ಒಂದು ದಿನ ಅವಳಿಗೆ ನೋಟೀಸು ಬಂತು. ಇದು ಸರ್ಕಾರದ ಕಾಡು, ನೀನು ಈಚೆಗೆ ಬಂದು ಸೇರಿಕೊಂಡವಳು, ಜಾಗ ಖಾಲಿ ಮಾಡು ಎಂದು ಅದರಲ್ಲಿತ್ತು. ಅವಳು ನೋಟೀಸು ಹಿಡಿದು ಬಸ್ತ್ಯಾಂವನ ಹತ್ತಿರ ಓಡಿದಳು. ಅವನು ದಾವೆ ಹೂಡಿದ. ಭಾನುವಾರ ಅವಳನ್ನು ಕುರ್ಚಿಯ ಮುಂದೆ ನಿಲ್ಲಿಸಿದ.

“ಏ ಮುದುಕಿ, ನೀನು ಬಂದು ಐದು ವರ್ಷ ಆಗಿಲ್ಲ. ಆ ಕೂದಲು ನೋಡಿದರೇ ಗೊತ್ತಾಗುತ್ತದೆ, ಇನ್ನೂ ಹಡಗಿನ ಉಪ್ಪು ಹೋಗಿಲ್ಲ. ಈ ನೆಲ ನಿನ್ನದು ಅನ್ನೋದಕ್ಕೆ ಏನು ಸಾಕ್ಷಿ?”

ಮೊದಲ ಭಾನುವಾರ ಪಾವ್ಲಿನಾ ಅತ್ತಳು. ಎರಡನೆಯ ಭಾನುವಾರ ಕೈಯಲ್ಲಿದ್ದ ಮೊರವನ್ನು ಅವನ ಮೇಲೆ ಎಸೆದಳು. ಮೂರನೆಯ ಭಾನುವಾರ ಸೊಂಟದ ಮೇಲೆ ಕೈಯಿಟ್ಟುಕೊಂಡು ಕೇಳಿದಳು:

“ಉತ್ತರ ನೀನೇ ಹೇಳ್ಕೊಡೋ ಮಾರಾಯಾ. ಊರು ಸೇರಿ ನಿನ್ನನ್ನ ಓದಿಸಿದ್ದು ಮತ್ತೆ ಯಾಕೆ?”

“ನಾನು ಓದಿದ್ದು ಕಾಯ್ದೆ, ಮಾವಶಿ. ನಿನ್ನ ಹೊಲದಲ್ಲಿ ಏನಿದೆ ಅಂತ ಆ ಪುಸ್ತಕದಲ್ಲಿ ಬರೆದಿಲ್ಲ. ಯೋಚನೆ ಮಾಡು. ಬರೋ ಭಾನುವಾರ ಮತ್ತೆ ಬೈತೀನಿ.”

ಹಾಗೆ ಎಷ್ಟೋ ಭಾನುವಾರ ಬೈದ. ಅವಳಿಗೆ ಉತ್ತರ ಹೊಳೆಯಲಿಲ್ಲ, ಆದರೆ ಅಳುವುದು ನಿಂತಿತು. ಬೈಗುಳ ಕೇಳಿ ಕೇಳಿ, ಯಾವುದು ಚೆನ್ನಾಗಿದೆ, ಯಾವುದು ಸಪ್ಪೆ ಎಂದು ಹೇಳುವಷ್ಟಾದಳು.

ವಿಚಾರಣೆಗೆ ಹತ್ತು ದಿನ ಇರುವಾಗ ಬಸ್ತ್ಯಾಂವ ಜ್ವರ ಬಂದು ತೀರಿಕೊಂಡ. ಕೇರಿಯಲ್ಲಿ ಮೂರು ದಿನ ಒಲೆ ಹಚ್ಚಲಿಲ್ಲ. ಪಾವ್ಲಿನಾಳಿಗೆ ಅವನು ಹೋದದ್ದೂ ದುಃಖ, ಇನ್ನು ಹೊಲವೂ ಹೋಯಿತಲ್ಲ ಎಂಬುದೂ ದುಃಖ. ಪೇಟೆಯ ಬೇರೆ ವಕೀಲರು ಯಾರೂ ಅವಳ ಕಾಗದ ಮುಟ್ಟಲಿಲ್ಲ. ಹತ್ತನೆಯ ದಿನ ಅವಳು ಒಬ್ಬಳೇ ಹೊರಟಳು. ತಿರುಗಿ ನೋಡಿದರೆ ಕೇರಿಯೆಲ್ಲ ಹಿಂದೆ ಬರುತ್ತಿತ್ತು.

“ನಿಮ್ಮ ವಕೀಲರೆಲ್ಲಿ?” ಎಂದು ನ್ಯಾಯಾಧೀಶರು ಕೇಳಿದರು.

“ಮಣ್ಣು ಮಾಡಿ ಬಂದ್ವಿ ಸ್ವಾಮಿ. ನಾನೇ ನಿಲ್ತೀನಿ.”

ಸರ್ಕಾರದ ವಕೀಲ ಎದ್ದ. ಕನ್ನಡಕ ಸರಿಮಾಡಿಕೊಂಡ. ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ ಹೇಳಿದ: “ನೋಡಮ್ಮ, ನಿನ್ನ ಮುಖ ಕೂದಲು ನೋಡಿದರೆ ನೀನು ಈ ಸೀಮೆಯವಳು ಅಂತ ಯಾರೂ ಹೇಳುವುದಿಲ್ಲ. ಮೊನ್ನೆ ಮೊನ್ನೆ ಬಂದವಳು. ಈ ನೆಲ ನಿನ್ನದು ಅನ್ನುವುದಕ್ಕೆ ಸಾಕ್ಷಿ ಏನಿದೆ?”

ಪಾವ್ಲಿನಾ ನಾಲಿಗೆ ಲೊಚಗುಟ್ಟಿದಳು.

“ಇದೆಂಥ ಬೈಯೋದೋ ಬಸ್ತ್ಯಾಂವ! ಉಪ್ಪಿಲ್ಲ, ಖಾರ ಇಲ್ಲ. ಹೋದ ಸಲ ಇದಕ್ಕಿಂತ ಚಲೋ ಬೈದಿದ್ದೆಯಲ್ಲ?”

ಕೇರಿಯವರು ಗೊಳ್ಳೆಂದು ನಕ್ಕರು. ನಕ್ಕ ಮರುಗಳಿಗೆಯೇ ಸುಮ್ಮನಾದರು. ಎದುರಿಗೆ ನಿಂತವನು ಬಸ್ತ್ಯಾಂವನಲ್ಲ ಎಂದು ಪಾವ್ಲಿನಾಳಿಗೆ ಆಗ ಗೊತ್ತಾಯಿತು. ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಣ್ಣು ತುಂಬಿತು, ನಗುವೂ ತಡೆಯಲಾಗಲಿಲ್ಲ. ಇಷ್ಟು ದಿನ ತಾನು ಹೆದರಿದ್ದು ಈ ಸಪ್ಪೆ ಮಾತಿಗೇ ಎನ್ನಿಸಿತು. ಹೆದರಿಕೆ ಹೋದ ಜಾಗದಲ್ಲಿ ಒಂದು ಹಳೆಯ ನೆನಪು ಎದ್ದು ಕೂತಿತು.

“ಸ್ವಾಮಿ, ನಮ್ಮ ಬಾವಿಗೆ ಇಳಿಯೋಕೆ ಕಾಲಿಡೋ ಗೂಡು ಕೊರೆದವನು ನಮ್ಮಜ್ಜ. ತಳಕ್ಕೆ ಒಂದು ಮೊಳ ಇರೋವಾಗ ಬಂಡೆ ಬಂತು, ಹಾರೆ ನಾಟಲಿಲ್ಲ. ಅಜ್ಜ ಸಿಟ್ಟಿಗೆದ್ದು ಗೂಡಿನ ಬದಲು ಅಲ್ಲೊಂದು ಶಿಲುಬೆ ಗೀರಿ, ‘ಇನ್ನು ಕೆಳಗಿಂದು ನೀನೇ ನೋಡ್ಕೋ ದೇವರೇ’ ಅಂತ ಮೇಲೆ ಬಂದ. ನಾನು ಆಗ ಏಳು ವರ್ಷದವಳು. ಹಗ್ಗ ಕಟ್ಟಿ ನನ್ನನ್ನೇ ಇಳಿಸ್ತಿದ್ರು, ಹೂಳು ತೆಗೆಯೋಕೆ. ಆಮೇಲೆ ಆ ಬಾವಿ ಬತ್ತಿದ್ದೇ ಇಲ್ಲ. ಮೊನ್ನೆ ಬಂದವಳಾಗಿದ್ರೆ ನೀರಿನ ಅಡಿಯ ಶಿಲುಬೆ ನನಗೆ ಹೇಗೆ ಗೊತ್ತಾಗ್ಬೇಕು? ಬಂದು ನೋಡಿ.”

ನ್ಯಾಯಾಧೀಶರು ನೋಡಲು ಬಂದರು. ಕೇರಿಯವರು ಬೆಳಗಿನಿಂದ ಕೊಡ, ಬಿಂದಿಗೆ, ಹಂಡೆ, ಸಿಕ್ಕಿದ್ದನ್ನೆಲ್ಲ ತಂದು ಸಾಲಾಗಿ ನಿಂತು ಬಾವಿಯ ನೀರು ಮೊಗೆದು ಹೊರಹಾಕಿದರು. ಹಾಡುತ್ತ ಮೊಗೆದರು. ನೀರು ಇಳಿದ ಮೇಲೆ ಸರ್ಕಾರದ ಕಡೆಯ ಕಾವಲುಗಾರನನ್ನೇ ಹಗ್ಗ ಕಟ್ಟಿ ಇಳಿಸಿದರು. ಅವನು ಪಾಚಿ ಉಜ್ಜುವ ಸದ್ದು ಕೇಳಿಸಿತು. ಪಾವ್ಲಿನಾ ಬಾವಿಯ ದಂಡೆ ಹಿಡಿದು ಬಗ್ಗಿ ನೋಡುತ್ತಿದ್ದಳು.

“ಐತ್ರೀ ಸ್ವಾಮಿ!” ಎಂದು ಬಾವಿಯೊಳಗಿಂದ ದನಿ ಬಂತು. “ಶಿಲುಬೆ ಐತಿ. ಸ್ವಲ್ಪ ಸೊಟ್ಟ ಐತಿ.”

“ಸಿಟ್ಟಲ್ಲಿ ಗೀರಿದ್ದಲ್ಲ, ಮತ್ತೆ ಹೇಗಿರ್ತದೆ?” ಎಂದಳು ಪಾವ್ಲಿನಾ.

ಹೊಲ ಅವಳಿಗೇ ಉಳಿಯಿತು. ಆ ಭಾನುವಾರ ಕೇರಿಯವರು ರೂಢಿಯಂತೆ ಹಲಸಿನ ಮರದ ಕೆಳಗೆ ಸೇರಿದರು. ಖಾಲಿ ಕುರ್ಚಿ ನೋಡಿ ಎಲ್ಲರೂ ನೆಲ ನೋಡುತ್ತ ನಿಂತರು. ಕೂಲಿಯ ಮೊಕದ್ದಮೆಯಿದ್ದ ಜಾಕು ಎಂಬವನು ಮನೆಗೆ ತಿರುಗಿದ. ಆಗ ಪಾವ್ಲಿನಾ ಸೆರಗು ಸೊಂಟಕ್ಕೆ ಸಿಕ್ಕಿಸಿ ಹೋಗಿ ಕುರ್ಚಿಯಲ್ಲಿ ಕೂತಳು.

“ಎಲ್ಲಿಗೋ ಹೊರಟೆ, ಕಳ್ಳಾ? ಮದುವೆಗೆ ಬಂದವನ ಹಾಗೆ ಮೀಸೆ ತಿರುವಿಕೊಂಡು ಬಂದಿದ್ದೀಯ. ನೀನು ಕೆಲಸ ಮಾಡಿದ್ದನ್ನ ಕಂಡವರು ಯಾರು? ಸಾಕ್ಷಿ ಏನು, ಬೊಗಳು!”

ಜಾಕು ಬೆವರಿದ. ಕೇರಿ ನಕ್ಕಿತು.

ಕತೆ ಇಷ್ಟೇ. ಶಿಷ್ಯನ ಮುಖ ಅರಳಿತ್ತು. “ತಿಳಿಯಿತು ಗುರುಗಳೇ. ನಮಗೂ ಬಸ್ತ್ಯಾಂವನಂಥ ಗುರುವೇ ಸಿಕ್ಕಿದ್ದಾರೆ,” ಎಂದ.

ಗುರುಗಳು ಹೇಳಿದರು: “ಇಲ್ಲಪ್ಪಾ, ಅಂಥವನು ಸಿಕ್ಕಿದ್ದರೆ ನೀನು ಇವತ್ತು ನನ್ನನ್ನು ಕೇಳಲು ಬರುತ್ತಿರಲಿಲ್ಲ.”